ಮೂಕಜೀವಿಯ ತುರಿಕೆ: ನಾಯಿಗಳ ಅಲರ್ಜಿಯನ್ನು ಗುರುತಿಸುವ ಬಗೆ

ಊರಿನ ಮನೆಗಳಲ್ಲಿ ನಾಯಿಗೆ ಅಂಗಳವೇ ಮನೆ. ಅದು ಯಾವಾಗ ಮೈ ಕೆರೆದುಕೊಂಡಿತು, ಯಾವ ಕಾಲನ್ನು ನೆಕ್ಕಿತು ಎಂದು ನೋಡುತ್ತ ಕೂರುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಮಹಾನಗರದ ಬಾಳು ಹಾಗಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮನುಷ್ಯರೊಡನೆ ನಾಯಿಯೂ ಉಣ್ಣುತ್ತದೆ, ಮಲಗುತ್ತದೆ. ನಡುರಾತ್ರಿಯಲ್ಲಿ ಅದು ಕಿವಿ ಕೊಡವುವ ಸದ್ದಿಗೆ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಾರೆ. ಅದರ ಮೈಯ ವಾಸನೆ ನೆರೆಮನೆಯ ಬಾಗಿಲನ್ನೂ ಮುಟ್ಟುತ್ತದೆ. ಹೀಗಾಗಿ ನಗರದಲ್ಲಿ ನಾಯಿಯ ತುರಿಕೆ ನಾಯಿಯೊಂದರದೇ ಕಷ್ಟವಾಗಿ ಉಳಿಯದೆ, ಮನೆಯವರೆಲ್ಲರ ಚಿಂತೆಯಾಗುತ್ತದೆ.

ಮುಂಬಯಿಯ ಉಪನಗರವೊಂದರಲ್ಲಿ ನಾಲ್ಕನೆಯ ಮಾಳಿಗೆಯ ಮೇಲೆ ವಾಸವಾಗಿರುವ, ಕರಾವಳಿಯಿಂದ ಬಂದು ನೆಲಸಿದ ಕನ್ನಡ ಸಂಸಾರವೊಂದನ್ನು ಊಹಿಸಿಕೊಳ್ಳಬಹುದು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಅನೇಕ ಮನೆಗಳಲ್ಲಿ ನಡೆಯುವುದನ್ನು ಒಂದೆಡೆ ಕೂಡಿಸಿದ ಚಿತ್ರ. ಆ ಮನೆಯಲ್ಲಿ ಮೋತಿ ಎಂಬ ಎರಡು ವರ್ಷದ ಲ್ಯಾಬ್ರಡಾರ್ ನಾಯಿಯಿದೆ. ಕೆಲವು ತಿಂಗಳಿಂದ ಅದು ಮುಂಗಾಲುಗಳನ್ನು ಬಿಡದೆ ನೆಕ್ಕುತ್ತಿದೆ. ಹೊಟ್ಟೆಯ ಕೆಳಭಾಗ ಕೆಂಪಾಗಿದೆ. ಕಿವಿಯೊಳಗೆ ದುರ್ಗಂಧ. ಮನೆಯಾಕೆ ಕೋಳಿಮಾಂಸವೇ ಕಾರಣವೆಂದು ಅದನ್ನು ನಿಲ್ಲಿಸಿದರು. ಅಜ್ಜಿ ಬೇವಿನ ನೀರಿನ ಸ್ನಾನ ಮಾಡಿಸಿದರು. ಯಜಮಾನರು ಎರಡು ಬಾರಿ ಇಂಜೆಕ್ಷನ್ ಕೊಡಿಸಿದರು. ಪ್ರತಿ ಬಾರಿಯೂ ಹದಿನೈದು ದಿನ ನೆಮ್ಮದಿ, ಆಮೇಲೆ ಮತ್ತೆ ಮೊದಲಿನಂತೆಯೇ. ಅಷ್ಟರಲ್ಲಿ ಕಟ್ಟಡದ ಒಂದಿಬ್ಬರು, “ಈ ನಾಯಿಗೆ ಕಜ್ಜಿ ಹತ್ತಿದೆ, ನಮ್ಮ ಮಕ್ಕಳಿಗೂ ಅಂಟೀತು” ಎಂದು ದೂರಿದರು. ನಾಯಿಯನ್ನು ಎಲ್ಲಿಗಾದರೂ ಕೊಟ್ಟುಬಿಡೋಣವೇ ಎಂಬ ಮಾತು ಮನೆಯೊಳಗೇ ಹುಟ್ಟಿತು.

ಮಾತು ಬಾರದ ಪ್ರಾಣಿಯ ಭವಿಷ್ಯ ಹೀಗೆ ಒಂದು ತುರಿಕೆಯ ಮೇಲೆ ನಿಲ್ಲುವುದುಂಟು. ಆದುದರಿಂದ ಆ ತುರಿಕೆಯ ಮೂಲವನ್ನು ಊಹೆಯಿಂದಲ್ಲದೆ ಕ್ರಮವಾಗಿ ಹುಡುಕುವುದು ಅವಶ್ಯ. ಅಲರ್ಜಿಯನ್ನು ಗುರುತಿಸುವುದೆಂದರೆ ಒಂದೊಂದೇ ಕಾರಣವನ್ನು ಪರೀಕ್ಷಿಸಿ, ನಿರ್ದೋಷಿಯೆಂದು ಕಂಡದ್ದನ್ನು ಬದಿಗಿಡುತ್ತ, ಉಳಿದುದರ ಕಡೆಗೆ ಸಾಗುವ ತಾಳ್ಮೆಯ ಕೆಲಸ.

ಅಲರ್ಜಿ ಎಂದರೇನು?

ಶರೀರಕ್ಕೆ ಹೊರಗಿನ ಶತ್ರುಗಳನ್ನು ಎದುರಿಸುವ ಶಕ್ತಿಯೊಂದಿದೆ. ರೋಗಾಣುಗಳು ಒಳಹೊಕ್ಕಾಗ ಅದು ಪ್ರತಿಕಾಯಗಳನ್ನು ನಿರ್ಮಿಸಿ ಹೋರಾಡುತ್ತದೆ. ಕೆಲವು ಶರೀರಗಳಲ್ಲಿ ಈ ಕಾವಲು ವ್ಯವಸ್ಥೆ ನಿರಪಾಯಕರ ವಸ್ತುವನ್ನೂ ಶತ್ರುವೆಂದು ಭ್ರಮಿಸುತ್ತದೆ. ಹೂವಿನ ಪರಾಗ, ಮನೆಯ ಧೂಳು, ಉಂಡ ಅನ್ನ, ಚಿಗಟದ ಜೊಲ್ಲು, ಯಾವುದೇ ಇರಬಹುದು. ಆ ವಸ್ತುವಿನ ವಿರುದ್ಧ ಐಜಿಇ ಎಂಬ ಪ್ರತಿಕಾಯಗಳು ತಯಾರಾಗಿ ಚರ್ಮದಲ್ಲಿರುವ ಮಾಸ್ಟ್ ಕಣಗಳ ಮೇಲೆ ನೆಲಸುತ್ತವೆ. ಅದೇ ವಸ್ತು ಮತ್ತೊಮ್ಮೆ ಎದುರಾದಾಗ ಆ ಕಣಗಳು ಒಡೆದು ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಹೊರಸೂಸುತ್ತವೆ. ಕೆಂಪು, ಊತ, ನವೆ ಇವೆಲ್ಲ ಅದರ ಫಲ. ಎಲ್ಲ ಅಲರ್ಜಿಗಳೂ ಈ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಕೆಲವಲ್ಲಿ ರಕ್ತದ ಬಿಳಿಯ ಕಣಗಳ ಪಾತ್ರವೇ ಹೆಚ್ಚು. ಆದರೆ ಮೂಲ ತಪ್ಪು ಒಂದೇ: ಮಿತ್ರನನ್ನು ವೈರಿಯೆಂದು ತಿಳಿಯುವುದು.

ಈ ಜ್ಞಾನ ಮನುಷ್ಯನಿಗೆ ದೊರೆತದ್ದು ನಾಯಿಯಿಂದಲೇ ಎಂಬುದು ಗಮನಾರ್ಹ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ಪ್ರಯೋಗ ನಡೆಸುತ್ತಿದ್ದರು. ನೆಪ್ಚೂನ್ ಎಂಬ ದೃಢಕಾಯದ ನಾಯಿ ಮೊದಲ ಸಲ ಆ ವಿಷವನ್ನು ಸುಲಭವಾಗಿ ತಾಳಿಕೊಂಡಿತು. ಕೆಲವು ವಾರಗಳ ತರುವಾಯ ಅದನ್ನೇ ಮತ್ತೆ ಚುಚ್ಚಿದಾಗ ಅರ್ಧ ಗಂಟೆಯೊಳಗೆ ಅಸುನೀಗಿತು. ಮೊದಲ ಪರಿಚಯವು ರಕ್ಷಣೆಯನ್ನು ಕೊಡುವ ಬದಲು ಅಪಾಯವನ್ನೇ ತಂದೊಡ್ಡಿತ್ತು. ಇದಕ್ಕೆ ಅವರು ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಈ ಶೋಧನೆಗಾಗಿ ರಿಶೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಯಾರೂ ಏನನ್ನೂ ಚುಚ್ಚದೆ ನಾಯಿಗೆ ತಾನಾಗಿಯೇ ಪರಾಗದ ಅಲರ್ಜಿ ಬರುವುದುಂಟೆಂಬುದು 1941ರಲ್ಲಿ ಅಮೆರಿಕದ ವೈದ್ಯ ವಿಟ್ಟಿಚ್ ಪ್ರಕಟಿಸಿದ ವರದಿಯಿಂದ ತಿಳಿಯಿತು.

ಮನುಷ್ಯನಿಗೂ ನಾಯಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಪರಾಗವಾಗಲಿ ಧೂಳಾಗಲಿ ಒಗ್ಗದ ಮನುಷ್ಯ ಸಾಮಾನ್ಯವಾಗಿ ಸೀನುತ್ತಾನೆ, ಮೂಗು ಸೋರುತ್ತದೆ, ಉಬ್ಬಸ ಬರುತ್ತದೆ. ನಾಯಿಯಲ್ಲಿ ಅದೇ ತೊಂದರೆ ಬಹುಮಟ್ಟಿಗೆ ಚರ್ಮದಲ್ಲಿ ತಲೆದೋರುತ್ತದೆ. ಸೀನದ ನಾಯಿಗೆ ಅಲರ್ಜಿಯಿಲ್ಲವೆಂದು ತಿಳಿಯುವುದು ತಪ್ಪು.

ಕಣ್ಣಿಗೆ ಬೀಳುವ ಗುರುತುಗಳು

ತುರಿಕೆಯೆಂದರೆ ಕಾಲಿನಿಂದ ಕೆರೆದುಕೊಳ್ಳುವುದು ಮಾತ್ರವೆಂದು ಅನೇಕರ ಭಾವನೆ. ನಾಯಿ ತನ್ನ ನವೆಯನ್ನು ಹಲವು ಬಗೆಗಳಲ್ಲಿ ಹೇಳಿಕೊಳ್ಳುತ್ತದೆ. ಪಾದಗಳನ್ನು ನೆಕ್ಕುವುದು, ಬೆರಳಸಂದುಗಳನ್ನು ಕಚ್ಚಿಕೊಳ್ಳುವುದು, ಮೂತಿಯನ್ನು ಸೋಫಾಕ್ಕೋ ಚಾಪೆಗೋ ಉಜ್ಜುವುದು, ಕಿವಿಗಳನ್ನು ಪದೇಪದೇ ಕೊಡವುವುದು, ಕುಂಡಿಯನ್ನು ನೆಲಕ್ಕೆ ಒರೆಸುತ್ತ ಸಾಗುವುದು, ಬೆನ್ನಮೇಲೆ ಬಿದ್ದು ಹೊರಳಾಡುವುದು, ಇವೆಲ್ಲವೂ ತುರಿಕೆಯ ಭಾಷೆಯೇ. ತೊಳೆದ ಪಾದವನ್ನು ಒಮ್ಮೆ ನೆಕ್ಕುವ ನಾಯಿಯ ವಿಷಯ ಬೇರೆ; ಊಟ, ಆಟ, ನಿದ್ದೆಗಳನ್ನು ಬಿಟ್ಟು ನೆಕ್ಕುವ ನಾಯಿಯ ವಿಷಯ ಬೇರೆ.

ಬಿಳಿಯ ಅಥವಾ ತಿಳಿಬಣ್ಣದ ನಾಯಿಯ ಪಾದದ ಕೂದಲು ತುಕ್ಕು ಹಿಡಿದಂತೆ ಕಂದುಗೆಂಪಾಗಿದ್ದರೆ ಅದು ಬಹುಕಾಲದಿಂದ ನೆಕ್ಕುತ್ತಿದೆಯೆಂದು ಅರ್ಥ. ಜೊಲ್ಲಿನಲ್ಲಿರುವ ವರ್ಣದ್ರವ್ಯದಿಂದ ಆ ಬಣ್ಣ ಬರುತ್ತದೆ. ಕಂಕುಳು, ತೊಡೆಸಂದು, ಹೊಟ್ಟೆ, ಕಣ್ಣಿನ ಸುತ್ತ ಮತ್ತು ಬಾಲದ ಕೆಳಗೆ ಕೂದಲು ಸರಿಸಿ ನೋಡಬೇಕು. ಕೆಂಪು, ಸಣ್ಣ ಗುಳ್ಳೆ, ಕೂದಲುದುರಿದ ತಾವು, ಕಪ್ಪಾಗಿ ದಪ್ಪಗಟ್ಟಿದ ಚರ್ಮ ಕಾಣಬಹುದು. ವರ್ಷದಲ್ಲಿ ಮತ್ತೆ ಮತ್ತೆ ಕಿವಿ ಸೋರುವ ನಾಯಿಯ ಬಗೆಗೆ ವಿಶೇಷ ಎಚ್ಚರ ಬೇಕು. ಅನೇಕ ವೇಳೆ ಕಿವಿಯ ಬೇನೆ ಸ್ವತಂತ್ರ ರೋಗವಾಗಿರದೆ ಅಲರ್ಜಿಯ ಮುನ್ಸೂಚನೆಯಾಗಿರುತ್ತದೆ. ಕಿವಿಗೆ ಔಷಧದ ಹನಿ ಹಾಕಿ ವಾಸಿಯಾಯಿತೆಂದು ಸುಮ್ಮನಿದ್ದರೆ ಮೂಲ ಹಾಗೆಯೇ ಉಳಿಯುತ್ತದೆ.

ತುರಿಕೆಯೆಲ್ಲ ಅಲರ್ಜಿಯಲ್ಲ

ಅಲರ್ಜಿಯ ಹೆಸರೆತ್ತುವ ಮೊದಲು ಅದರ ವೇಷದಲ್ಲಿ ಬರುವ ಬೇರೆ ರೋಗಗಳನ್ನು ಬದಿಗಿಡಬೇಕು. ಇವುಗಳಲ್ಲಿ ಮುಖ್ಯವಾದುದು ಕಜ್ಜಿ. ಮೈಟ್ ಎಂಬ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮವನ್ನು ಕೊರೆದು ಒಳಗೆ ವಾಸಿಸುವುದರಿಂದ ಇದು ಬರುತ್ತದೆ. ತೀವ್ರವಾದ ನವೆ, ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಕೀಲು ಮತ್ತು ಹೊಟ್ಟೆಯಲ್ಲಿ ಹೊಪ್ಪಳೆ. ಕಿವಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ನಾಯಿಯ ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಕಜ್ಜಿಯ ಸಂಶಯ ಬಲವಾಗುತ್ತದೆ. ಈ ರೋಗ ಇತರ ನಾಯಿಗಳಿಗೂ, ತಾತ್ಕಾಲಿಕವಾಗಿ ಮನುಷ್ಯರಿಗೂ ಅಂಟುತ್ತದೆ. ಮನೆಯವರ ಕೈ, ಹೊಟ್ಟೆಗಳ ಮೇಲೂ ತುರಿಸುವ ಗುಳ್ಳೆಗಳೆದ್ದಿದ್ದರೆ ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಕೂದಲಿನ ಬುಡದಲ್ಲಿ ನೆಲಸಿ ತೇಪೆ ತೇಪೆಯಾಗಿ ಕೂದಲನ್ನು ಉದುರಿಸುತ್ತದೆ. ಮೊದಮೊದಲು ಅದರಿಂದ ತುರಿಕೆ ಕಡಮೆ. ಶಿಲೀಂಧ್ರದಿಂದ ಬರುವ ಹುಳುಕಡ್ಡಿಯೂ ಕೂದಲನ್ನು ಉದುರಿಸುತ್ತದೆ ಮತ್ತು ಮಕ್ಕಳಿಗೆ ಅಂಟುತ್ತದೆ. ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಡಿ ನೋಡುವ ಸರಳ ಪರೀಕ್ಷೆಯಿಂದ ಇವುಗಳಲ್ಲಿ ಅನೇಕವನ್ನು ಕಂಡುಕೊಳ್ಳಬಹುದು. ಕಜ್ಜಿಯ ನುಸಿ ಮಾತ್ರ ಪರೀಕ್ಷೆಗೆ ಸಿಕ್ಕದೆ ತಪ್ಪಿಸಿಕೊಳ್ಳುವುದು ಹೆಚ್ಚು. ಆದುದರಿಂದ ಸಂಶಯವಿದ್ದರೆ ವೈದ್ಯರು ಅದಕ್ಕೆ ಔಷಧ ಕೊಟ್ಟೇ ನೋಡುತ್ತಾರೆ.

ಅಲರ್ಜಿ ಅಂಟುರೋಗವಲ್ಲ. ನೆರೆಯವರಿಗೆ ಈ ಮಾತನ್ನು ಧೈರ್ಯವಾಗಿ ಹೇಳಬೇಕಾದರೆ ಕಜ್ಜಿಯೂ ಹುಳುಕಡ್ಡಿಯೂ ಇಲ್ಲವೆಂಬುದು ಮೊದಲು ಖಚಿತವಾಗಿರಬೇಕು.

ಇದಲ್ಲದೆ ಅಲರ್ಜಿಯ ಬೆನ್ನುಹತ್ತಿ ಬರುವ ಸೋಂಕುಗಳೂ ಇವೆ. ಕೆರೆದು ಕೆರೆದು ಗಾಯವಾದ ಚರ್ಮದಲ್ಲಿ ಬ್ಯಾಕ್ಟೀರಿಯಾಗಳು ಕೀವುಗುಳ್ಳೆಗಳನ್ನು ಎಬ್ಬಿಸುತ್ತವೆ. ಮಲಸೀಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಬೆಳೆದು ಚರ್ಮ ಜಿಡ್ಡಾಗಿ ಮುಗ್ಗಿದ ವಾಸನೆ ಹೊಡೆಯುತ್ತದೆ. ಈ ಸೋಂಕುಗಳೇ ತುರಿಕೆಯನ್ನು ಇಮ್ಮಡಿಗೊಳಿಸುವುದರಿಂದ ಮೊದಲು ಇವನ್ನು ವಾಸಿಮಾಡಿ, ಉಳಿದ ತುರಿಕೆ ಎಷ್ಟೆಂದು ನೋಡಬೇಕು.

ಮೊದಲ ಆರೋಪಿ: ಚಿಗಟ

ನಾಯಿಗೆ ಒಗ್ಗದ ವಸ್ತುಗಳಲ್ಲಿ ಚಿಗಟದ ಜೊಲ್ಲು ಅಗ್ರಗಣ್ಯ. ಸಾಮಾನ್ಯ ನಾಯಿ ಹತ್ತಾರು ಚಿಗಟಗಳನ್ನು ಹೊತ್ತುಕೊಂಡು ಆರಾಮವಾಗಿದ್ದೀತು; ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತಗಳೇ ಅನೇಕ ದಿನಗಳ ಸಂಕಟವನ್ನು ತರುತ್ತವೆ. ಇದರ ಗುರುತು ತುರಿಕೆಯ ಸ್ಥಾನ. ಸೊಂಟದ ಮೇಲ್ಭಾಗ, ಬಾಲದ ಬುಡ, ಹಿಂತೊಡೆಗಳು ಮತ್ತು ಕೆಳಹೊಟ್ಟೆ ಹೆಚ್ಚಾಗಿ ಕೆಡುತ್ತವೆ. ನಾಯಿ ತಿರುಗಿ ತಿರುಗಿ ಬಾಲದ ಬುಡವನ್ನು ಕಚ್ಚಿಕೊಳ್ಳುತ್ತದೆ.

“ನಮ್ಮ ನಾಯಿಯ ಮೈಮೇಲೆ ಒಂದು ಚಿಗಟವೂ ಇಲ್ಲ” ಎಂಬ ಮಾತು ಸಾಕ್ಷ್ಯವಾಗಲಾರದು. ಸದಾ ನೆಕ್ಕಿಕೊಳ್ಳುವ ನಾಯಿ ಚಿಗಟಗಳನ್ನು ತಾನೇ ನುಂಗಿಬಿಟ್ಟಿರುತ್ತದೆ. ನೋಡಬೇಕಾದುದು ಚಿಗಟದ ಹಿಕ್ಕೆಯನ್ನು. ಒತ್ತೊತ್ತಾದ ಹಲ್ಲುಗಳ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆಯಾದ ಬಿಳಿಯ ಹತ್ತಿಯ ಮೇಲೆ ಹಾಕಬೇಕು. ಬರಿಯ ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಅದರಲ್ಲಿರುವ ರಕ್ತ ಕರಗಿ ಕೆಂಗಂದು ಬಣ್ಣ ಹರಡುತ್ತದೆ. ಯಾವ ಖರ್ಚೂ ಇಲ್ಲದ ಈ ಪರೀಕ್ಷೆಯನ್ನು ಯಾರೂ ಮನೆಯಲ್ಲಿ ಮಾಡಬಹುದು.

ನಾಯಿಯ ಮೈಮೇಲೆ ಕಾಣುವ ವಯಸ್ಕ ಚಿಗಟಗಳು ಒಟ್ಟು ಸಂಖ್ಯೆಯ ಶೇಕಡ 5ರಷ್ಟು ಮಾತ್ರ ಎಂದು ಹೇಳುವುದುಂಟು. ಮಿಕ್ಕವು ಮೊಟ್ಟೆ, ಮರಿಹುಳು ಮತ್ತು ಕೋಶಗಳ ರೂಪದಲ್ಲಿ ಹಾಸಿಗೆ, ಚಾಪೆ, ಸೋಫಾದ ಸಂದುಗಳಲ್ಲಿರುತ್ತವೆ. ಕೋಶದೊಳಗಿನ ಚಿಗಟ ಅನುಕೂಲ ಕಾಲಕ್ಕಾಗಿ ತಿಂಗಳುಗಟ್ಟಲೆ ಕಾಯಬಲ್ಲುದು. ಮುಂಬಯಿ, ಚೆನ್ನೈಗಳಂಥ ಸೆಕೆಯ ಊರುಗಳಲ್ಲಿ ಚಿಗಟಕ್ಕೆ ವರ್ಷವಿಡೀ ಸುಗ್ಗಿ. ಆದುದರಿಂದ ನಾಯಿಗೆ ಒಂದು ಸಲ ಔಷಧ ಹಚ್ಚಿ ಕೈಬಿಟ್ಟರೆ ಸಾಲದು. ಮನೆಯ ಪ್ರತಿಯೊಂದು ನಾಯಿ ಬೆಕ್ಕಿಗೂ ವೈದ್ಯರು ಹೇಳಿದ ಔಷಧ ಅವಧಿ ತಪ್ಪದೆ ನಡೆಯಬೇಕು. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷವೆಂಬುದನ್ನು ಮರೆಯಕೂಡದು.

ಎರಡನೆಯ ಆರೋಪಿ: ಆಹಾರ

ತುರಿಕೆ ಕಂಡೊಡನೆ ಎಲ್ಲರೂ ಬೆರಳು ತೋರುವುದು ಆಹಾರದ ಕಡೆಗೆ. ಆದರೆ ವಾಸ್ತವದಲ್ಲಿ ಆಹಾರದ ಅಲರ್ಜಿ ಜನ ತಿಳಿದಷ್ಟು ಸಾಮಾನ್ಯವಲ್ಲ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅದುವರೆಗಿನ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಯಿಗಳಲ್ಲಿ ದೋಷಿಯೆಂದು ಕಂಡುಬಂದ ಆಹಾರಗಳಲ್ಲಿ ಮೊದಲ ಸ್ಥಾನ ದನದ ಮಾಂಸಕ್ಕೆ, ಅನಂತರ ಹಾಲಿನ ಪದಾರ್ಥಗಳು, ಕೋಳಿಮಾಂಸ ಮತ್ತು ಗೋದಿಗೆ. ಈ ಲೆಕ್ಕ ಬಹುಮಟ್ಟಿಗೆ ಹೊರದೇಶಗಳ ನಾಯಿಗಳದು. ಯಾವ ನಾಡಿನಲ್ಲಿ ನಾಯಿ ಯಾವುದನ್ನು ಹೆಚ್ಚು ತಿನ್ನುತ್ತದೆಯೋ ಅದಕ್ಕೇ ಅಲರ್ಜಿ ಹುಟ್ಟುವ ಸಂಭವವೂ ಹೆಚ್ಚು. ಹಾಲನ್ನ, ಮೊಸರನ್ನ, ಚಪಾತಿಗಳ ಮೇಲೆ ಬೆಳೆದ ನಮ್ಮ ಮನೆಗಳ ನಾಯಿಗಳ ವಿಷಯದಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

“ಇದೇ ಊಟವನ್ನು ನಾಲ್ಕು ವರ್ಷದಿಂದ ತಿನ್ನುತ್ತಿದೆ, ಈಗೇಕೆ ಒಗ್ಗದಾಯಿತು?” ಎಂದು ಕೇಳುವವರುಂಟು. ಅಲರ್ಜಿ ಹುಟ್ಟುವುದೇ ಹಳೆಯ ಪರಿಚಯದಿಂದ. ಹೊಸದಾಗಿ ತಿಂದದ್ದಕ್ಕಿಂತ ವರ್ಷಗಳಿಂದ ತಿಂದುದೇ ದೋಷಿಯಾಗಿರುವುದು ಸಾಮಾನ್ಯ. ವರ್ಷ ತುಂಬುವ ಮೊದಲೇ ಆರಂಭವಾದ ತುರಿಕೆ, ಅಥವಾ ನಡುವಯಸ್ಸು ದಾಟಿದ ಮೇಲೆ ಹಠಾತ್ತನೆ ಬಂದ ತುರಿಕೆ, ಋತುಭೇದವಿಲ್ಲದೆ ವರ್ಷವಿಡೀ ಇರುವ ತುರಿಕೆ, ಅದರೊಡನೆ ವಾಂತಿ, ಸಡಿಲವಾದ ಮಲ, ದಿನಕ್ಕೆ ಹಲವು ಬಾರಿ ಮಲವಿಸರ್ಜನೆ ಇವು ಆಹಾರದ ಕಡೆಗೆ ಸಂಶಯ ಮೂಡಿಸುವ ಅಂಶಗಳು.

ಈ ಸಂಶಯವನ್ನು ಬಗೆಹರಿಸಲು ನಂಬಲರ್ಹವಾದ ದಾರಿ ಒಂದೇ: ಆಹಾರ ಪರೀಕ್ಷೆ. ರಕ್ತ, ಜೊಲ್ಲು ಅಥವಾ ಕೂದಲನ್ನು ಕಳುಹಿಸಿ ಆಹಾರದ ಅಲರ್ಜಿಯನ್ನು ಪತ್ತೆಹಚ್ಚುತ್ತೇವೆಂಬ ಪರೀಕ್ಷೆಗಳ ಮೇಲೆ ಭರವಸೆಯಿಡಲು ಬರುವುದಿಲ್ಲ. ಆಹಾರ ಪರೀಕ್ಷೆಯಲ್ಲಿ ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟ ಪದಾರ್ಥವನ್ನು ಆರಿಸಿ, ಅದನ್ನಲ್ಲದೆ ಬೇರೇನನ್ನೂ ಕೊಡದೆ ಕನಿಷ್ಠ 8 ವಾರ ನಡೆಸಬೇಕು. ಬಂಗುಡೆ, ಭೂತಾಯಿಗಳ ಸಾರಿನ ಅನ್ನವುಂಡು ಬೆಳೆದ ಕರಾವಳಿಯ ಮನೆಯ ನಾಯಿಗೆ ಮೀನು ಹೊಸ ಆಹಾರವಾಗದು. ಶುದ್ಧ ಶಾಕಾಹಾರಿ ಮನೆಯ ನಾಯಿಗೆ ಅದು ಹೊಸದಾದೀತು. ಆದುದರಿಂದ ಪಟ್ಟಿಯನ್ನು ಮನೆಮನೆಗೂ ಬೇರೆಯಾಗಿಯೇ ಹಾಕಬೇಕು. ಪ್ರೋಟೀನನ್ನು ಬಹು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಆಹಾರವನ್ನೂ ಪಶುವೈದ್ಯರು ಸೂಚಿಸುತ್ತಾರೆ. ಮನೆಯಲ್ಲೇ ಬೇಯಿಸುವುದಾದರೆ ಈರುಳ್ಳಿ ಬೆಳ್ಳುಳ್ಳಿಗಳನ್ನು ಸೇರಿಸಬಾರದು. ಅವು ನಾಯಿಯ ರಕ್ತಕ್ಕೆ ಹಾನಿಕರ.

ಈ 8 ವಾರಗಳ ಲೆಕ್ಕ ಸುಮ್ಮನೆ ಹಾಕಿದ್ದಲ್ಲ. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವು 5 ವಾರಗಳಲ್ಲಿ, ಶೇಕಡ 90ಕ್ಕೂ ಹೆಚ್ಚಿನವು 8 ವಾರಗಳಲ್ಲಿ ಗುಣ ಕಾಣುತ್ತವೆಂದು 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿದೆ. ಒಂದು ವಾರ ಕೋಳಿ ಬಿಟ್ಟು, ಇನ್ನೊಂದು ವಾರ ಹಾಲು ಬಿಟ್ಟು ನೋಡುವುದು ಪರೀಕ್ಷೆಯೆನಿಸುವುದಿಲ್ಲ.

ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಪ್ರೀತಿಯಿಂದ. ಮೋತಿಯ ಮನೆಯಲ್ಲೂ ಮೊದಲ ಯತ್ನ ಹಾಗೆಯೇ ಕೆಟ್ಟಿತು. ಮನೆಯವರು ಪಥ್ಯವನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಕೆಳಗೆ ವಾಚ್‌ಮನ್ನನು ದಿನವೂ ಎರಡು ಗ್ಲೂಕೋಸ್ ಬಿಸ್ಕತ್ತುಗಳನ್ನು ತಿನ್ನಿಸುತ್ತಿದ್ದ. ಬಿಸ್ಕತ್ತಿನಲ್ಲಿ ಗೋದಿಯೂ ಇದೆ, ಹಾಲಿನ ಅಂಶವೂ ಇದೆ. ಅಜ್ಜಿ ಪೂಜೆಯ ಬಳಿಕ ಒಂದು ಚೂರು ಪೇಡೆಯನ್ನು ಪ್ರಸಾದವೆಂದು ಕೊಡುತ್ತಿದ್ದರು. ಮಾಂಸದ ರುಚಿ ಸೇರಿಸಿದ ಜಂತುಹುಳುವಿನ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಎಲ್ಲರಿಗೂ ತಿಳಿಹೇಳಿ, ಮತ್ತೆ ಮೊದಲ ದಿನದಿಂದ ಎಣಿಕೆ ಆರಂಭಿಸಬೇಕಾಯಿತು.

ಗುಣ ಕಂಡರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಎರಡು ವಾರಗಳೊಳಗೆ ತುರಿಕೆ ಮರುಕಳಿಸಿದರೆ ಮಾತ್ರ ಆಹಾರ ದೋಷಿಯೆಂದು ಸಿದ್ಧವಾಗುತ್ತದೆ. ಅನಂತರ ಒಂದೊಂದೇ ಪದಾರ್ಥವನ್ನು ಬೇರೆಬೇರೆಯಾಗಿ ಕೊಟ್ಟು ಯಾವುದು ಒಗ್ಗದೆಂದು ತಿಳಿಯಬಹುದು. 8 ವಾರಗಳಾದರೂ ಏನೂ ವ್ಯತ್ಯಾಸ ಕಾಣದಿದ್ದರೆ ಆಹಾರವನ್ನು ಬಹುಮಟ್ಟಿಗೆ ನಿರ್ದೋಷಿಯೆಂದು ಬಿಡಬಹುದು.

ಮೂರನೆಯ ಆರೋಪಿ: ಮನೆಯ ಗಾಳಿ, ಹೊರಗಿನ ಗಾಳಿ

ಚಿಗಟವಲ್ಲ, ಕಜ್ಜಿಯಲ್ಲ, ಆಹಾರವೂ ಅಲ್ಲವೆಂದಾದ ಮೇಲೆ ಉಳಿಯುವುದು ಅಟೋಪಿ. ಎಂದರೆ ಪರಿಸರದಲ್ಲಿನ ಸೂಕ್ಷ್ಮ ವಸ್ತುಗಳಿಗೆ ಹುಟ್ಟಿನಿಂದಲೇ ಬಂದ ಒಲವಿನ ಅಲರ್ಜಿ. ಮನೆಯ ಧೂಳಿನಲ್ಲಿರುವ ನುಸಿ, ಬೂಷ್ಟು, ಹುಲ್ಲು ಮತ್ತು ಮರಗಳ ಪರಾಗ ಇದಕ್ಕೆ ಕಾರಣ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್, ಬಾಕ್ಸರ್ ಮೊದಲಾದ ತಳಿಗಳಲ್ಲಿ ಇದು ಹೆಚ್ಚು. ಹಾಗೆಂದು ಬೇರೆ ನಾಯಿಗಳು, ನಮ್ಮ ಮುಧೋಳದ ನಾಯಿಯಾಗಲಿ ಬೀದಿಯಿಂದ ತಂದು ಸಾಕಿದ ನಾಯಿಯಾಗಲಿ, ಇದರಿಂದ ಮುಕ್ತವೆನ್ನುವಂತಿಲ್ಲ.

ಅಟೋಪಿಯನ್ನು ಸಂಶಯಿಸಲು 2010ರಲ್ಲಿ ಕ್ಲಾಡ್ ಫಾವ್ರೋ ಮತ್ತು ಸಂಗಡಿಗರು ಎಂಟು ಸೂತ್ರಗಳನ್ನು ಕೊಟ್ಟರು. 3 ವರ್ಷದೊಳಗೆ ತುರಿಕೆಯ ಆರಂಭ. ಹೆಚ್ಚು ಹೊತ್ತು ಮನೆಯೊಳಗಿನ ವಾಸ. ಸ್ಟೀರಾಯ್ಡ್ ಔಷಧಕ್ಕೆ ತಗ್ಗುವ ತುರಿಕೆ. ಮರಳಿ ಮರಳಿ ಬರುವ ಯೀಸ್ಟ್ ಸೋಂಕು. ಮುಂಗಾಲಿನ ಪಾದಗಳು ಕೆಟ್ಟಿರುವುದು. ಕಿವಿಯ ಹಾಳೆ ಕೆಟ್ಟಿರುವುದು. ಆದರೆ ಕಿವಿಯ ಅಂಚು ಕೆಡದಿರುವುದು. ಸೊಂಟದ ಮೇಲ್ಭಾಗ ಕೆಡದಿರುವುದು. ಕೊನೆಯ ಎರಡು ಸೂತ್ರಗಳ ಮರ್ಮವನ್ನು ಗಮನಿಸಬೇಕು: ಕಿವಿಯ ಅಂಚು ಕಜ್ಜಿಯ ನೆಲೆ, ಸೊಂಟ ಚಿಗಟದ ನೆಲೆ. ಎಂಟರಲ್ಲಿ ಐದು ಹೊಂದಿದರೆ ಅಟೋಪಿಯ ಸಂಭವ ಬಲವಾಗುತ್ತದೆ. ಆದರೆ ಆಹಾರದ ಅಲರ್ಜಿಯೂ ಇದೇ ರೂಪದಲ್ಲಿ ಕಾಣಬಹುದಾದ್ದರಿಂದ ಇವು ಆಹಾರ ಪರೀಕ್ಷೆಯ ಸ್ಥಾನವನ್ನು ತುಂಬಲಾರವು.

ಋತುವೂ ಒಂದು ಸಾಕ್ಷಿ. ಮಳೆಗಾಲದ ತೇವದಲ್ಲಿ ನುಸಿ, ಬೂಷ್ಟುಗಳು ಹೆಚ್ಚುತ್ತವೆ. ಪರಾಗದ ತುರಿಕೆಯಾದರೆ ಆಯಾ ಗಿಡಮರಗಳು ಹೂ ಬಿಡುವ ಕಾಲದಲ್ಲಿ ಹೆಚ್ಚಿ, ಆಮೇಲೆ ಇಳಿಯುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು ದೇಶವೆಲ್ಲ ಹಬ್ಬಿದ ಪಾರ್ಥೇನಿಯಂ, ಅಂದರೆ ನಮ್ಮವರು ಕಾಂಗ್ರೆಸ್ ಗಿಡವೆನ್ನುವ ಕಳೆ, ಮನುಷ್ಯರ ಚರ್ಮಕ್ಕೂ ಉಸಿರಿಗೂ ಒಗ್ಗದೆಂಬುದು ಎಲ್ಲರಿಗೂ ತಿಳಿದದ್ದೇ. ಅಂಥ ಕಳೆ ಬೆಳೆದ ಖಾಲಿ ನಿವೇಶನಗಳಲ್ಲಿ ನಾಯಿಯನ್ನು ಅಡ್ಡಾಡಿಸದಿರುವುದು ಲೇಸು. ಫೀನಾಯಿಲ್ ಹಾಕಿ ಒರೆಸಿದ ಹಸಿ ನೆಲ ತಾಗಿ ಪಾದ, ಹೊಟ್ಟೆಗಳು ಕೆಂಪಾಗುವುದೂ ಉಂಟು. ಇದು ಅಲರ್ಜಿಗಿಂತ ಹೆಚ್ಚಾಗಿ ಚರ್ಮದ ಉರಿತ. ಬರಿಯ ನೀರಿನಲ್ಲಿ ಒರೆಸಿ ಕೆಲವು ದಿನ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಅಟೋಪಿಯಲ್ಲಿ ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆ ಮತ್ತು ರಕ್ತಪರೀಕ್ಷೆಗಳಿಗೆ ಸ್ಥಾನವಿದೆ. ಆದರೆ ಅವು ಅಟೋಪಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕಲ್ಲ. ಇದೆಯೆಂದು ಖಚಿತವಾದ ಮೇಲೆ ಯಾವ ವಸ್ತುಗಳಿಗೆ ಎಂದು ಅರಿತು, ಆ ವಸ್ತುಗಳನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತ ಶರೀರವನ್ನು ಒಗ್ಗಿಸುವ ಚಿಕಿತ್ಸೆಗೆ. ಈ ಚಿಕಿತ್ಸೆಯ ಫಲ ತಿಳಿಯಲು ಒಂದು ವರ್ಷವೇ ಹಿಡಿಯಬಹುದು.

ಮನೆಯವರು ಇಡಬೇಕಾದ ಲೆಕ್ಕ

ಪಶುವೈದ್ಯರು ನಾಯಿಯನ್ನು ನೋಡುವುದು ಕೆಲವೇ ನಿಮಿಷ. ಹಗಲಿರುಳು ನೋಡುವವರು ಮನೆಯವರು. ಹಾಲಿನ ಲೆಕ್ಕ ಬರೆಯುವಂತೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ತುರಿಕೆ ಎಷ್ಟಿತ್ತೆಂದು 0ಯಿಂದ 10ರವರೆಗಿನ ಅಂಕ ಕೊಟ್ಟು, ಯಾವ ಭಾಗವನ್ನು ಕೆರೆದುಕೊಂಡಿತು, ಏನು ತಿಂದಿತು, ಎಂದು ಸ್ನಾನವಾಯಿತು, ಎಂದು ಔಷಧ ಕೊಟ್ಟದ್ದು ಎಂಬುದನ್ನು ಬರೆದಿಟ್ಟರೆ ವೈದ್ಯರಿಗೆ ಅದು ದೊಡ್ಡ ನೆರವು. ಮೊದಲು ತುರಿಕೆ ಬಂದಿತೋ ಗುಳ್ಳೆ ಬಂದಿತೋ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಮನೆಯವರು ಮಾತ್ರ. ತುರಿಕೆ ತಗ್ಗಿಸುವ ಔಷಧ ನಡೆಯುತ್ತಿರುವಾಗ ಪಥ್ಯದ ಫಲವನ್ನು ಅಳೆಯಲು ಬರುವುದಿಲ್ಲವಾದ್ದರಿಂದ, ಔಷಧದ ದಿನಾಂಕಗಳು ಇದರಲ್ಲಿ ತಪ್ಪದೆ ಇರಬೇಕು.

ಚಿಕ್ಕ ಚಿಕಿತ್ಸಾಲಯದಲ್ಲಿ ಬಗೆಹರಿಯದ ಪ್ರಕರಣಗಳಿಗೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮುಂಬಯಿಯ ಪರೇಲಿನ ಕಾಲೇಜು 1886ರಲ್ಲಿ, ಚೆನ್ನೈಯ ವೇಪೇರಿಯ ಕಾಲೇಜು 1903ರಲ್ಲಿ, ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಲ್ಲಿ ಸ್ಥಾಪನೆಯಾದವು.

ಮಾಡಬಾರದ್ದು

ತುರಿಕೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಶಮನ ಕೊಡುತ್ತದೆ. ವೈದ್ಯರ ಲೆಕ್ಕಾಚಾರದಂತೆ, ಮಿತವಾಗಿ ಬಳಸಿದರೆ ಅದು ಒಳ್ಳೆಯ ಔಷಧವೇ. ಕಾರಣವನ್ನು ಹುಡುಕದೆ ತಿಂಗಳು ತಿಂಗಳೂ ಚುಚ್ಚಿಸುತ್ತ ಹೋದರೆ ಅತಿಯಾದ ಬಾಯಾರಿಕೆ, ಹಸಿವು, ಮೂತ್ರ, ಬೊಜ್ಜು, ಸೋಂಕುಗಳು ಬೆನ್ನುಹತ್ತುತ್ತವೆ. ದೀರ್ಘಕಾಲ ಕೊಟ್ಟುದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಕ್ಲಾಸಿಟಿನಿಬ್‌ನಂಥ ಹೊಸ ಔಷಧಗಳು ತುರಿಕೆಯ ಸಂದೇಶವನ್ನೇ ತಡೆಯುತ್ತವೆ. ಅವೂ ವೈದ್ಯರ ಸಲಹೆಯಿಲ್ಲದೆ ಕೊಡತಕ್ಕವಲ್ಲ.

ಮನೆಮದ್ದಿನಲ್ಲೂ ವಿವೇಕ ಬೇಕು. ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಮನುಷ್ಯರ ನವೆಗೆ ಹಳೆಯ ಮದ್ದು. ನಾಯಿ ತನ್ನ ಮೈಯನ್ನು ನೆಕ್ಕುವುದರಿಂದ ಕರ್ಪೂರ ಅದರ ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಸೀಮೆಎಣ್ಣೆ ಹಚ್ಚುವುದು ಕ್ರೌರ್ಯವೇ ಸರಿ. ಮನುಷ್ಯರ ನೆಗಡಿ ಮಾತ್ರೆ, ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳನ್ನು ಅಂದಾಜಿನಿಂದ ಕೊಡಲೇಕೂಡದು.

ತಡಮಾಡಕೂಡದ ಸಂದರ್ಭ

ಜೇನುಹುಳು ಕಚ್ಚಿದ ಮೇಲೆ, ಲಸಿಕೆ ಅಥವಾ ಹೊಸ ಔಷಧದ ನಂತರ ನಿಮಿಷಗಳಲ್ಲೋ ಗಂಟೆಗಳಲ್ಲೋ ಮುಖ, ಕಣ್ಣಿನ ರೆಪ್ಪೆಗಳು ಊದಿಕೊಂಡು, ಮೈಮೇಲೆ ಪಿತ್ತದ ಗಂಧೆಗಳೆದ್ದರೆ ಒಡನೆ ವೈದ್ಯರನ್ನು ಕಾಣಬೇಕು. ಇದರೊಡನೆ ವಾಂತಿ, ಭೇದಿ, ಬಿಳಿಚಿದ ವಸಡು, ನಿಶ್ಶಕ್ತಿ, ಕುಸಿದು ಬೀಳುವುದು ಕಂಡರೆ ಅದು ನೆಪ್ಚೂನ್ ನಾಯಿಗೆ ಬಂದ ಅನಾಫಿಲಾಕ್ಸಿಸ್ಸೇ. ನಾಯಿಯಲ್ಲಿ ಇದರ ಪೆಟ್ಟು ಯಕೃತ್ತು ಮತ್ತು ಕರುಳಿನ ಮೇಲೆ ಹೆಚ್ಚು. ಮುಖದ ಊತವಿಲ್ಲದೆಯೂ ಬರಬಹುದು. ಆಗ ಒಂದೊಂದು ನಿಮಿಷವೂ ಅಮೂಲ್ಯ.

ಮೋತಿಯ ಮನೆಯ ಚಿತ್ರವನ್ನು ಇಲ್ಲಿ ಪೂರ್ತಿಗೊಳಿಸಬಹುದು. ಚರ್ಮದ ಪರೀಕ್ಷೆಯಲ್ಲಿ ನುಸಿ ಕಾಣಲಿಲ್ಲ. ಸಂಶಯ ಉಳಿಯದಂತೆ ಕಜ್ಜಿಗೂ ಚಿಗಟಕ್ಕೂ ಔಷಧ ನಡೆಯಿತು. ಯೀಸ್ಟ್ ಸೋಂಕು ವಾಸಿಯಾಗಿ ದುರ್ಗಂಧ ಹೋಯಿತು. ತುರಿಕೆ ಅರ್ಧ ಇಳಿಯಿತು. 8 ವಾರಗಳ ಪಥ್ಯದಿಂದ ಉಳಿದರ್ಧ ಕದಲಲಿಲ್ಲ. ಕೋಳಿಮಾಂಸವೂ ಮೊಸರನ್ನವೂ ನಿರ್ದೋಷಿಗಳೆಂದು ಬಿಡುಗಡೆಯಾದವು. ಉಳಿದದ್ದು ಅಟೋಪಿ. ಅದು ಪೂರ್ತಿ ವಾಸಿಯಾಗುವ ರೋಗವಲ್ಲ, ಹತೋಟಿಯಲ್ಲಿಡುವ ರೋಗ. ವಾರವಾರ ಔಷಧೀಯ ಶಾಂಪೂವಿನ ಸ್ನಾನ, ಹೊರಗಿನಿಂದ ಬಂದೊಡನೆ ಪಾದ ತೊಳೆದು ಬೆರಳಸಂದು ಒರೆಸುವುದು, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ತಪ್ಪದ ಚಿಗಟ ನಿವಾರಣೆ, ತುರಿಕೆ ಕೆರಳಿದಾಗ ಮಾತ್ರ ಔಷಧ: ಇಷ್ಟು ದಿನಚರಿಗೆ ಸೇರಿದವು. ಅಂಟುರೋಗವಲ್ಲವೆಂಬ ವೈದ್ಯರ ಚೀಟಿಯನ್ನು ನೆರೆಯವರಿಗೆ ತೋರಿಸಿದ ಮೇಲೆ ದೂರು ನಿಂತಿತು. ನಾಯಿಯನ್ನು ಕೊಟ್ಟುಬಿಡುವ ಮಾತೂ ನಿಂತಿತು.

ಸಕಾಲದಲ್ಲಿ ಕಾರಣವನ್ನು ಗುರುತಿಸಿದರೆ ಎಷ್ಟೋ ನಾಯಿಗಳು ತಮ್ಮ ಮನೆಯಲ್ಲೇ ಉಳಿದಾವು. ತನ್ನ ನೋವನ್ನು ನಾಯಿ ಬಾಯಿಬಿಟ್ಟು ಹೇಳಲಾರದು. ಪಾದದ ಕೆಂಪಿನಲ್ಲಿ, ಕಿವಿಯ ಕೊಡವಿನಲ್ಲಿ, ಬಾಲದ ಬುಡದ ಗಾಯದಲ್ಲಿ ಬರೆದು ತೋರಿಸುತ್ತದೆ. ಅದನ್ನು ಓದಲು ಕಲಿಯುವುದು ಅದನ್ನು ಮನೆಗೆ ತಂದವರ ಹೊಣೆ.